ಉಣ್ಣೆಯಿಂದ ಹರಡುವ ರಕ್ತಪರಾವಲಂಬಿಗಳ ಪ್ರೋಟೀನು ಕುಟುಂಬಗಳು: ಗುಳೇದಗುಡ್ಡ ಸೀಮೆಯ ಜಾನುವಾರುಗಳ ಹಿನ್ನೆಲೆಯಲ್ಲಿ

ಗುಳೇದಗುಡ್ಡವೆಂದೊಡನೆ ಖಣ ನೆನಪಾಗುತ್ತದೆ, ಇಳಕಲ್ಲೆಂದರೆ ಸೀರೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದಗಳ ನಡುವಣ ಈ ಎರೆ ಮತ್ತು ಮಸಾರಿ ಭೂಮಿಯ ಸೀಮೆ ಮಗ್ಗವನ್ನು ನಂಬಿದಂತೆಯೇ ಜಾನುವಾರುಗಳನ್ನೂ ನಂಬಿ ಬದುಕಿದೆ. ಬಾದಾಮಿಯ ಬನಶಂಕರಿ ಜಾತ್ರೆಯ ದನಗಳ ಸಂತೆ, ಹುನಗುಂದ ತಾಲೂಕಿನ ಅಮೀನಗಡದ ಸಂತೆ ಇದಕ್ಕೆ ಸಾಕ್ಷಿ. ಇಲ್ಲಿನ ಉಳುಮೆಗೆ ಒಗ್ಗಿದವು ಖಿಲಾರಿ ಮತ್ತು ಕೃಷ್ಣಾ ಕಣಿವೆ ತಳಿಗಳು. ಹೈನುಗಾರಿಕೆ ಬೆಳೆದಂತೆ ಅವುಗಳ ಪಕ್ಕದಲ್ಲಿ ಹೋಲ್‌ಸ್ಟೀನ್ ಮತ್ತು ಜರ್ಸಿ ರಕ್ತದ ಮಿಶ್ರತಳಿ ಹಸುಗಳೂ ಬಂದು ನಿಂತವು. ನಾಟಿ ದನಗಳಲ್ಲಿ ಹೆಚ್ಚಾಗಿ ಸದ್ದಿಲ್ಲದೆ ಬಂದುಹೋಗುತ್ತಿದ್ದ ಉಣ್ಣೆ ಜ್ವರವು ಮಿಶ್ರತಳಿಗಳಲ್ಲಿ ಮಾರಕವಾಗಿ ಕಾಣಿಸಿಕೊಳ್ಳುತ್ತದೆ. ಒಂದೇ ಗೋದಲಿಯಲ್ಲಿ ಮೇವು ತಿನ್ನುವ ಎರಡು ಹಸುಗಳಲ್ಲಿ ಒಂದು ಬದುಕಿ ಇನ್ನೊಂದು ಸಾಯುವುದೇಕೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಹಸುವಿನಲ್ಲಿದೆ, ಇನ್ನೊಂದು ಭಾಗ ಪರಾವಲಂಬಿಯ ಪ್ರೋಟೀನುಗಳಲ್ಲಿದೆ.

ಉಣ್ಣೆ ಜ್ವರಕ್ಕೆ ಕಾರಣವಾದ ಏಕಕೋಶಜೀವಿ ಥೈಲೇರಿಯಾ ಆನ್ಯುಲೇಟಾ. ಇದನ್ನು 1904ರಲ್ಲಿ ಕಾಕಸಸ್ ಪರ್ವತದಾಚೆಯ ಸೀಮೆಯ ದನಗಳಲ್ಲಿ ಮೊದಲು ಗುರುತಿಸಲಾಯಿತು. ನಮ್ಮಲ್ಲಿ ಇದನ್ನು ಹರಡುವ ಮುಖ್ಯ ಉಣ್ಣೆ ಹಯಲೋಮಾ ಅನಟೋಲಿಕಮ್. ಇದು ಹೊಲದ ಹುಲ್ಲಿಗಿಂತ ಕೊಟ್ಟಿಗೆಯನ್ನೇ ಹೆಚ್ಚಾಗಿ ಆಶ್ರಯಿಸುವ ಜೀವಿ. ರಕ್ತ ಹೀರಿ ಉಬ್ಬಿದ ಮರಿ ಉಣ್ಣೆ ಕೆಳಗುದುರಿ, ಗೋಡೆಯ ಬಿರುಕಿನಲ್ಲೋ ಕಲ್ಲಿನ ಸಂದಿಯಲ್ಲೋ ಪೊರೆ ಕಳಚಿ ದೊಡ್ಡದಾಗುತ್ತದೆ. ಮರಿಯಾಗಿದ್ದಾಗ ಸೋಂಕು ಪಡೆದ ಉಣ್ಣೆ ದೊಡ್ಡದಾದ ಮೇಲೆ ಅದನ್ನು ಮತ್ತೊಂದು ದನಕ್ಕೆ ದಾಟಿಸುತ್ತದೆ. ಮರಳುಗಲ್ಲನ್ನು ಪೇರಿಸಿ ಕಟ್ಟಿದ ಗೋಡೆಗಳುಳ್ಳ ಈ ಸೀಮೆಯಲ್ಲಿ ಅದಕ್ಕೆ ಅಡಗುತಾಣದ ಕೊರತೆಯಿಲ್ಲ.

ಉಣ್ಣೆಯ ಜೊಲ್ಲಿನೊಡನೆ ಒಳಸೇರಿದ ಪರಾವಲಂಬಿ ಮೊದಲು ಕೆಂಪು ಕಣಗಳಿಗೆ ಹೋಗುವುದಿಲ್ಲ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳನ್ನೇ ಹೊಕ್ಕು ಸ್ಕಿಜಾಂಟ್ ಎಂಬ ರೂಪ ತಾಳುತ್ತದೆ. ಆಗ ಆ ಕಣ ಅರ್ಬುದದ ಕೋಶದಂತೆ ಎಡೆಬಿಡದೆ ವಿಭಜಿಸತೊಡಗುತ್ತದೆ, ಪರಾವಲಂಬಿಯೂ ಅದರೊಡನೆ ಇಬ್ಭಾಗವಾಗುತ್ತ ಹೋಗುತ್ತದೆ. ದುಗ್ಧಗ್ರಂಥಿಗಳ ಊತ, ತೀವ್ರ ಜ್ವರ, ಹಾಲಿನ ಕುಸಿತಗಳೆಲ್ಲ ಈ ಹಂತದವು. ಕೆಂಪು ಕಣಗಳ ಸರದಿ ಅನಂತರದ್ದು. ವಿಚಿತ್ರವೆಂದರೆ, ಬುಪಾರ್ವಾಕ್ವೋನ್ ಔಷಧದಿಂದ ಪರಾವಲಂಬಿಯನ್ನು ಕೊಂದರೆ ಕೋಶದ ಅರ್ಬುದ ಸ್ವಭಾವವೂ ಅಳಿಯುತ್ತದೆ. ಹಾಗಾದರೆ ಕೋಶವನ್ನು ಕೆಡಿಸಿದ್ದು ಅದರ ಸ್ವಂತ ಜೀನ್‌ಗಳ ಶಾಶ್ವತ ಬದಲಾವಣೆಯಲ್ಲ, ಪರಾವಲಂಬಿ ಸದಾ ಒದಗಿಸುತ್ತಿರುವ ಯಾವುದೋ ವಸ್ತು ಎಂದಾಯಿತು.

ಆ ವಸ್ತುವಿನ ಶೋಧಕ್ಕೆ 2005ರಲ್ಲಿ ಗಟ್ಟಿ ನೆಲೆ ದೊರೆಯಿತು. ಆ ವರ್ಷ ಥೈಲೇರಿಯಾ ಆನ್ಯುಲೇಟಾ ಮತ್ತು ಆಫ್ರಿಕಾದ ಥೈಲೇರಿಯಾ ಪಾರ್ವಾ ಇವೆರಡರ ಜೀನೋಮ್‌ಗಳೂ ಪ್ರಕಟವಾದವು. ಆನ್ಯುಲೇಟಾದ ಜೀನೋಮ್ ನಾಲ್ಕು ವರ್ಣತಂತುಗಳದ್ದು. ಸುಮಾರು 83 ಲಕ್ಷ ಕ್ಷಾರಜೋಡಿಗಳು, ಸುಮಾರು 3,800 ಪ್ರೋಟೀನು ಜೀನ್‌ಗಳು. ಇವುಗಳಲ್ಲಿ 3,200ಕ್ಕೂ ಹೆಚ್ಚು ಜೀನ್‌ಗಳಿಗೆ ಪಾರ್ವಾದಲ್ಲಿ ನೇರ ಜೋಡಿಗಳಿವೆ. ಎರಡೂ ಜೀವಿಗಳ ಮನೆಕೆಲಸದ ಜೀನ್‌ಗಳು ಬಹುತೇಕ ಒಂದೇ. ವ್ಯತ್ಯಾಸವಿರುವುದು ಮುಖ್ಯವಾಗಿ ಕುಟುಂಬಗಳಲ್ಲಿ, ಅಂದರೆ ಒಂದು ಮೂಲ ಜೀನ್ ಮತ್ತೆ ಮತ್ತೆ ನಕಲಾಗಿ, ಪ್ರತಿಯೊಂದು ನಕಲೂ ತುಸು ಬದಲಾಗಿ ಬೆಳೆದ ಪ್ರೋಟೀನು ಬಳಗಗಳಲ್ಲಿ.

ಇಂಥ ಒಂದು ಬಳಗ ವರ್ಣತಂತುಗಳ ತುದಿಗಳ ಬಳಿ ನೆಲೆಸಿದೆ. ಎಸ್‌ವಿಎಸ್‌ಪಿ ಎಂದು ಕರೆಯಲಾಗುವ, ಹೊರಸ್ರವಿಸುವ, ವೈವಿಧ್ಯಮಯ ಪ್ರೋಟೀನುಗಳ ಬಳಗವದು. ಪಾರ್ವಾ ಒಂದರಲ್ಲಿಯೇ ಇಂಥ 85 ಜೀನ್‌ಗಳನ್ನು ಎಣಿಸಲಾಗಿದೆ. ವರ್ಣತಂತುವಿನ ತುದಿ, ಸೀರೆಯ ಅಂಚಿನಂತೆ, ಒಡಲಿಗಿಂತ ಹೆಚ್ಚು ಬದಲಾವಣೆಗೆ ಅವಕಾಶವಿರುವ ಜಾಗ. ಅಲ್ಲಿ ಜೀನ್‌ಗಳು ಪರಸ್ಪರ ತುಣುಕುಗಳನ್ನು ಬದಲಿಸಿಕೊಳ್ಳುವುದು ಸುಲಭ. ಎರಡನೆಯದಾದ ಟ್ಯಾಶ್‌ಎಟಿ ಬಳಗದ ಜೀನ್‌ಗಳು ಒಂದೆಡೆ ಗುಂಪಾಗಿವೆ. ಇವುಗಳಲ್ಲಿ ಕೆಲವು ಪ್ರೋಟೀನುಗಳು ಪರಾವಲಂಬಿಯಿಂದ ಹೊರಬಂದು ಹಸುವಿನ ಕೋಶದ ನ್ಯೂಕ್ಲಿಯಸ್ಸಿಗೇ ಹೋಗಿ ಸೇರುತ್ತವೆ. ಡಿಎನ್‌ಎಯನ್ನು ಹಿಡಿಯಬಲ್ಲ ಕೊಂಡಿಗಳು ಅವುಗಳಲ್ಲಿವೆ. ಬಾಡಿಗೆದಾರನು ಮನೆಯೊಡೆಯನ ಲೆಕ್ಕದ ಪುಸ್ತಕದಲ್ಲಿ ಬರೆಯತೊಡಗಿದಂತೆ ಇದು. ಈ ಎಲ್ಲ ಬಳಗಗಳಲ್ಲಿ ಪದೇ ಪದೇ ಕಾಣುವ, ಫೈಂಟ್ ಎಂಬ ಹೆಸರಿನ ಪ್ರೋಟೀನು ಖಂಡವೊಂದು ಥೈಲೇರಿಯಾ ಜೀನೋಮಿನಲ್ಲಿ ನೂರಾರು ಸಲ ಪುನರಾವರ್ತಿತವಾಗಿದೆ.

ಈ ಬಳಗಗಳೇ ಕೋಶವನ್ನು ಕೆಡಿಸುತ್ತವೆಯೆ? 2012ರಲ್ಲಿ ಪ್ರಕಟವಾದ ಥೈಲೇರಿಯಾ ಓರಿಯೆಂಟಾಲಿಸ್‌ನ ಜೀನೋಮ್ ಈ ದಿಸೆಯಲ್ಲಿ ಬಲವಾದ ಸುಳಿವು ನೀಡಿತು. ಈ ಪ್ರಭೇದ ಬಿಳಿ ಕಣಗಳನ್ನು ಅರ್ಬುದದಂತೆ ಬೆಳೆಸುವುದಿಲ್ಲ. ಅದರ ಜೀನೋಮಿನಲ್ಲಿ ಮೇಲಿನ ಕುಟುಂಬಗಳ ವಿಸ್ತರಣೆಯೂ ಕಾಣುವುದಿಲ್ಲ. ಹಾಗೆಂದು ಅದನ್ನು ನಿರುಪದ್ರವಿಯೆಂದು ಕಡೆಗಣಿಸುವಂತಿಲ್ಲ. ದಕ್ಷಿಣ ಭಾರತದ ಮಿಶ್ರತಳಿ ದನಗಳಲ್ಲಿ ಅದರಿಂದಾದ ಸಾವುಗಳು 2011ರಲ್ಲಿ ವರದಿಯಾಗಿವೆ.

ಕೆಂಪು ಮೂತ್ರ ರೋಗಕ್ಕೆ ಕಾರಣವಾದ ಬಬೇಸಿಯಾದ ದಾರಿಯೇ ಬೇರೆ. ಅದು ಬಿಳಿ ಕಣಗಳ ಗೊಡವೆಗೆ ಹೋಗದೆ ನೇರವಾಗಿ ಕೆಂಪು ಕಣವನ್ನು ಸೇರುತ್ತದೆ. ಉಣ್ಣೆಯೊಂದು ರೋಗವನ್ನು ದಾಟಿಸಬಲ್ಲದೆಂದು ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಸಾಧಿಸಿ ತೋರಿಸಿದ್ದು ಇದರ ಪ್ರಭೇದವಾದ ಬಬೇಸಿಯಾ ಬೈಜೆಮಿನಾದ ಮೂಲಕವೇ. ಅದರ ಸೋದರ ಪ್ರಭೇದ ಬಬೇಸಿಯಾ ಬೋವಿಸ್‌ನ ಜೀನೋಮ್ 2007ರಲ್ಲಿ ಪ್ರಕಟವಾದಾಗ, ವೆಸ್ ಎಂಬ ಒಂದೇ ಕುಟುಂಬಕ್ಕೆ ಸೇರಿದ ನೂರಕ್ಕೂ ಹೆಚ್ಚು ಜೀನ್‌ಗಳು ಕಂಡುಬಂದವು. ಇವುಗಳಿಂದಾಗುವ ಪ್ರೋಟೀನು ಕೆಂಪು ಕಣದ ಹೊರಮೈಯಲ್ಲಿ ಕಾಣಿಸಿಕೊಂಡು, ಕಣವನ್ನು ಸೂಕ್ಷ್ಮ ರಕ್ತನಾಳದ ಗೋಡೆಗೆ ಅಂಟಿಸುತ್ತದೆ. ಹಸುವಿನ ಪ್ರತಿಕಾಯಗಳು ಅದನ್ನು ಗುರುತಿಸುವಷ್ಟರಲ್ಲಿ ಬೇರೆ ಜೀನ್‌ಗಳ ತುಣುಕುಗಳನ್ನು ಸೇರಿಸಿಕೊಂಡು ಪ್ರೋಟೀನು ರೂಪ ಬದಲಿಸಿರುತ್ತದೆ. ಮಲೇರಿಯಾ ಪರಾವಲಂಬಿಯೂ ಇಂಥದೇ ಉಪಾಯವನ್ನು ಬೇರೊಂದು ಕುಟುಂಬದಿಂದ ಸಾಧಿಸಿಕೊಂಡಿದೆ.

ಒಂದೇ ಪ್ರೋಟೀನನ್ನು ಆರಿಸಿ ಲಸಿಕೆ ಮಾಡುವ ಯತ್ನಗಳು ತೊಡಕಿಗೆ ಸಿಲುಕಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಥೈಲೇರಿಯಾದಲ್ಲಿ ಸ್ಪ್ಯಾಗ್-1 ಮತ್ತು ಟ್ಯಾಮ್ಸ್-1 ಎಂಬ ಎರಡು ಮೇಲ್ಮೈ ಪ್ರೋಟೀನುಗಳನ್ನು ಪರೀಕ್ಷಿಸಲಾಯಿತು. ದೊರೆತದ್ದು ಭಾಗಶಃ ರಕ್ಷಣೆ ಮಾತ್ರ. ಟ್ಯಾಮ್ಸ್-1 ತಳಿಯಿಂದ ತಳಿಗೆ ಬದಲಾಗುವಂಥದ್ದು. ಹಸುವಿನ ಕೊಲ್ಲುಕೋಶಗಳು ಗುರುತಿಸುವ ಟಿಎ-9 ಎಂಬ ಪ್ರತಿಜನಕವೂ ಹಾಗೆಯೇ ಎಂದು 2011ರ ಅಧ್ಯಯನವೊಂದು ತೋರಿಸಿತು. ಭಾರತದಲ್ಲಿ ಬಳಕೆಗೆ ಬಂದ ರಕ್ಷಾವ್ಯಾಕ್-ಟಿ ಲಸಿಕೆ ಈ ತೊಡಕನ್ನು ಬಳಸಿಕೊಂಡು ಹೋಗುತ್ತದೆ. ಅದು ಪ್ರೋಟೀನೊಂದನ್ನು ಕೊಡದೆ, ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಿ ದುರ್ಬಲಗೊಳಿಸಿದ ಜೀವಂತ ಸ್ಕಿಜಾಂಟನ್ನೇ ಕೊಡುತ್ತದೆ. ಆದ್ದರಿಂದ ದೇಹಕ್ಕೆ ಇಡೀ ಬಳಗದ ಪರಿಚಯವಾಗುತ್ತದೆ. ಆದರೆ ಅದನ್ನು ದ್ರವ ಸಾರಜನಕದಲ್ಲಿಯೇ ಇಡಬೇಕು. ಮಿಶ್ರತಳಿಯ ವೀರ್ಯನಳಿಕೆಗಳು ಹಳ್ಳಿಗೆ ಬರುವುದೂ ಅದೇ ದ್ರವ ಸಾರಜನಕದ ಪಾತ್ರೆಯಲ್ಲಿ. ತಳಿಯನ್ನು ತಲುಪಿಸಿದ ವ್ಯವಸ್ಥೆ ಲಸಿಕೆಯನ್ನೂ ತಲುಪಿಸಬಲ್ಲುದೆಂಬ ನಿರೀಕ್ಷೆ ಅತಿಯಾದದ್ದಲ್ಲ.

ಹಸುವಿನ ಪಾಲಿನ ಉತ್ತರಕ್ಕೆ ಸಾಹಿವಾಲ್ ತಳಿಯ ಪ್ರಯೋಗಗಳು ನೆರವಾಗಿವೆ. ಒಂದೇ ಪ್ರಮಾಣದ ಸೋಂಕು ಕೊಟ್ಟಾಗ ಹೋಲ್‌ಸ್ಟೀನ್ ಕರುಗಳಲ್ಲಿ ಜ್ವರ ಮತ್ತು ಉರಿಯೂತ ತೀವ್ರವಾದವು. ಸಾಹಿವಾಲ್ ಕರುಗಳು ಚೇತರಿಸಿಕೊಂಡವು. ಪರಾವಲಂಬಿಯ ಪ್ರೋಟೀನುಗಳು ಎರಡೂ ಕಡೆ ಅವೇ, ಆದರೆ ಅವುಗಳಿಗೆ ಬಿಳಿ ಕಣಗಳು ಕೊಡುವ ಮರುದನಿ ಬೇರೆ. ಖಿಲಾರಿ ಮತ್ತು ಕೃಷ್ಣಾ ಕಣಿವೆ ತಳಿಗಳೂ ಸಾಹಿವಾಲಿನಂತೆ ಡುಬ್ಬದ ದನಗಳ ಗುಂಪಿನವು. ಅವುಗಳ ಬಿಳಿ ಕಣಗಳ ಮೇಲೆಯೂ ಇಂಥ ಅಧ್ಯಯನ ನಡೆಯಬೇಕು. ಅದು ಆ ತಳಿಗಳ ಸಂಖ್ಯೆ ಇನ್ನಷ್ಟು ಕುಗ್ಗುವ ಮುನ್ನ ಆಗಬೇಕಾದ ಕೆಲಸ.

ಸಂತೆಯ ಪಾತ್ರವೂ ಇಲ್ಲಿ ಗಣನೀಯ. ಗುಣವಾದ ದನ ಪರಾವಲಂಬಿಯಿಂದ ಪೂರ್ಣ ಮುಕ್ತವಾಗುವುದಿಲ್ಲ, ರಕ್ತದಲ್ಲಿ ಅದನ್ನು ಹೊತ್ತು ತಿರುಗುತ್ತದೆ. ಬೇರೆ ಬೇರೆ ಊರಿನ ದನಗಳು ಕೈ ಬದಲಾಯಿಸಿ ಒಂದೇ ಕೊಟ್ಟಿಗೆ ಸೇರಿದಾಗ ಒಂದು ಹಸುವಿನಲ್ಲಿಯೇ ಹಲವು ತಳಿಯ ಪರಾವಲಂಬಿಗಳು ನೆಲೆಸಬಹುದು. ಟ್ಯುನೀಷಿಯಾ ಮತ್ತು ಟರ್ಕಿಯ ದನಗಳಲ್ಲಿ ಇಂಥ ಮಿಶ್ರ ಸೋಂಕೇ ಸಾಮಾನ್ಯವೆಂದು ಕಂಡುಬಂದಿದೆ. ಉಣ್ಣೆಯ ಕರುಳಿನಲ್ಲಿ ಅವು ಕೂಡಿದಾಗ ಜೀನ್‌ಗಳು ಹೊಸದಾಗಿ ಹಂಚಿಕೆಯಾಗುತ್ತವೆ. ಬುಪಾರ್ವಾಕ್ವೋನ್‌ಗೆ ಮಣಿಯದ ತಳಿಗಳು ಟ್ಯುನೀಷಿಯಾ, ಇರಾನ್‌ಗಳಲ್ಲಿ ಈಗಾಗಲೇ ವರದಿಯಾಗಿವೆ. ಪರಾವಲಂಬಿ ಸ್ರವಿಸುವ ಪಿನ್-1 ಎಂಬ ಪ್ರೋಟೀನಿಗೂ ಈ ಪ್ರತಿರೋಧಕ್ಕೂ ನಂಟಿರುವುದನ್ನು 2015ರಲ್ಲಿ ಪತ್ತೆಹಚ್ಚಲಾಯಿತು.

ಈ ಸರಪಳಿಯ ಒಂದು ಕೊಂಡಿ ಮಾತ್ರ ಯಾವ ಪ್ರೋಟೀನು ಕುಟುಂಬದ ವೈವಿಧ್ಯಕ್ಕೂ ಒಳಪಟ್ಟಿಲ್ಲ. ಉಣ್ಣೆ ಕಚ್ಚಿದೊಡನೆ ಸೋಂಕು ದಾಟುವುದಿಲ್ಲ. ಅದರ ಜೊಲ್ಲುಗ್ರಂಥಿಯಲ್ಲಿ ಪರಾವಲಂಬಿ ಪಕ್ವವಾಗಲು ಎರಡು ಮೂರು ದಿನ ಬೇಕು. ಅಷ್ಟರೊಳಗೆ ಉಣ್ಣೆ ಕಿತ್ತರೆ, ಗೋಡೆಯ ಸಂದುಗಳನ್ನು ಗಾರೆಯಿಂದ ಮುಚ್ಚಿದರೆ, ಆ ಹಸುವಿನ ಮಟ್ಟಿಗೆ ಪರಾವಲಂಬಿಯ ಯಾವ ಬಳಗಕ್ಕೂ ಒಳಬರಲು ದಾರಿಯಿರುವುದಿಲ್ಲ.