ಮಗ್ಗದಿಂದ ಕಲಿಯಬಹುದಾದ ಒಂದು ಪಾಠ



ಜಮಖಂಡಿ, ಮುಧೋಳ, ಬೀಳಗಿ ಕಬ್ಬಿನ ಸೀಮೆ. ಅದೇ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಮಗ್ಗದ ಊರು. ಮಲೆನಾಡಿನ ನಮಗೂ ಅಲ್ಲಿನ ನೇಕಾರರಿಗೂ ಏನು ಸಂಬಂಧವೆಂದು ಕೇಳಬಹುದು. ಹೊಸತನದ ಹಂಬಲವನ್ನೂ ಕೆಲಸದ ಕಟ್ಟುನಿಟ್ಟನ್ನೂ ಹೇಗೆ ಹೊಂದಿಸಬೇಕೆಂಬುದು ಇಬ್ಬರಿಗೂ ಇರುವ ಪ್ರಶ್ನೆ.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡುವುದು ಹೊಕ್ಕು. ಹಾಸಿಗೆ ಎಷ್ಟು ಎಳೆ, ಯಾವ ಬಣ್ಣ, ದಡಿ ಎಷ್ಟು ಅಗಲ ಎಂಬುದೆಲ್ಲ ನೇಯುವ ಮೊದಲೇ ತೀರ್ಮಾನವಾಗಬೇಕು.

ಇದೇ ಜಿಲ್ಲೆಯ ಇಳಕಲ್ ಸೀರೆಯಲ್ಲಿ ಒಡಲು, ದಡಿ, ಸೆರಗು ಮೂರಕ್ಕೂ ಹಾಸನ್ನು ಬೇರೆ ಬೇರೆಯಾಗಿ ಸಿದ್ಧಪಡಿಸುತ್ತಾರೆ. ಒಡಲಿನ ಹಾಸಿಗೆ ಸೆರಗಿನ ಕೆಂಪು ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸು ಹೊಸದು. ಅಳತೆ 6, 8 ಅಥವಾ 9 ಗಜ. ಇಷ್ಟು ಕಟ್ಟಳೆಯ ನಡುವೆಯೇ ಸೆರಗಿನಲ್ಲಿ ಜೋಳದ ತೆನೆ, ಹಣಿಗೆ, ಕೋಟೆಗೋಡೆಗಳು ಮೂಡುತ್ತವೆ.

ಫ್ರಾನ್ಸಿನ ಜೋಸೆಫ್ ಮೇರಿ ಜಾಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರದ ಕ್ರಮವೂ ಇಂಥದೇ. ಚಿತ್ರವನ್ನು ಮೊದಲು ಚೌಕುಳಿ ಕಾಗದದಲ್ಲಿ ಬರೆದು, ಒಂದೊಂದು ಸಾಲಿಗೆ ಒಂದೊಂದು ರಟ್ಟಿನಂತೆ ತೂತು ಹೊಡೆಯುತ್ತಾರೆ. ಕಾಗದದಲ್ಲಿ ತಿದ್ದಲು ಖರ್ಚಿಲ್ಲ. ರಟ್ಟು ತೂತಾದ ಮೇಲೆ ಖರ್ಚು. ಹಾಸು ಮಗ್ಗಕ್ಕೇರಿದ ಮೇಲೆ ನಷ್ಟ. ಕಲ್ಪನೆಗೆ ಎಡೆ ಇರುವುದು ಮೊದಲ ಹಂತದಲ್ಲಿ.

ಆ ನಷ್ಟ ಯಾರದು? ಸೀರೆಗಿಷ್ಟೆಂದು ಕೂಲಿ ಪಡೆಯುವವನಿಗೆ ಮಗ್ಗ ನಿಂತ ದಿನ ಸಂಪಾದನೆಯಿಲ್ಲ. ಅವನು ಹಳೆಯ ವಿನ್ಯಾಸಕ್ಕೇ ಅಂಟಿಕೊಂಡರೆ ಅದು ಸೋಮಾರಿತನವಲ್ಲ, ಮನೆಯ ಒಲೆಯ ಚಿಂತೆ. ಆದರೆ ವಿನ್ಯಾಸ ಬದಲಾಗದಿದ್ದರೆ ಗಿರಾಕಿಯೂ ಕೈತಪ್ಪುತ್ತಾನೆ. ಆದುದರಿಂದ ಮಾದರಿ ಸೀರೆಯ ಖರ್ಚನ್ನು ನೇಯಿಸುವವರೇ ಹೊರಬೇಕೆಂಬುದು ನಮ್ಮ ಅಭಿಪ್ರಾಯ.

ಈಗ ನಮ್ಮ ತೋಟಕ್ಕೆ ಬರೋಣ. ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇಲ್ಲಿ ಸ್ವಂತ ಕಲ್ಪನೆ ಸಲ್ಲದು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನವೇ ಆಗಬೇಕು. ಆದರೆ ಕಾಫಿ ಹಣ್ಣಿನ ಸಂಸ್ಕರಣೆಯಲ್ಲಿ, ಅಡಿಕೆಯ ನಡುವಿನ ಮಿಶ್ರಬೆಳೆಯಲ್ಲಿ ಹೊಸತನ್ನು ನೋಡಲೇಬೇಕು. ಇಡೀ ಫಸಲಿನ ಮೇಲಲ್ಲ. ಒಂದು ಮೂಲೆಯಲ್ಲಿ, ಲೆಕ್ಕ ಬರೆದಿಟ್ಟು. ಎರಡೆಕರೆಯ ಸದಸ್ಯರಿಗೆ ಆ ಮೂಲೆಯ ನಷ್ಟವೂ ಭಾರವೇ. ಅದನ್ನು ಹತ್ತು ಜನ ಹಂಚಿಕೊಳ್ಳುವುದಕ್ಕೇ ಅಲ್ಲವೇ ಸಹಕಾರವೆನ್ನುವುದು?