ಬಯಲುಸೀಮೆಯಲ್ಲಿ ಮರ, ಪೊದೆ, ಹುಲ್ಲುಗಳಿಂದ ಬೇಸಿಗೆಯ ಮೇವು

ಬೆಂಗಳೂರಿನ ಮೂಡಲಿಗಿರುವ ಪಟ್ಟಂದೂರು ಅಗ್ರಹಾರದ ಕೆಂಪು ನೆಲವು ಹಿಂದೆ ರಾಗಿ ಹುರುಳಿಗಳ ಬೆಳೆಗೆ ಸೇರಿದ್ದಿತು. ಈಗ ಅಲ್ಲಿ ದೊಡ್ಡ ಕಟ್ಟಡಗಳೂ 2023ರಿಂದ ಮೆಟ್ರೊ ರೈಲಿನ ನಿಲ್ದಾಣವೂ ಇರುವುವು. ಆದರೆ ಅದರಾಚೆ ಹೊಸಕೋಟೆ, ಮಾಲೂರು, ಕೋಲಾರಗಳ ಕಡೆಗೆ ಬೇಸಾಯವೂ ಹೈನೂ ಇನ್ನೂ ನಡೆದಿರುವುವು. ಬೇಸಿಗೆಯ ಮೇವಿನ ಕೊರತೆಯೂ ತಪ್ಪಿಲ್ಲ. ಮಾಘಮಾಸ ಕಳೆದ ಮೇಲೆ ಗೋಮಾಳದಲ್ಲಿ ಹಸುರು ಕಾಣದು. ಬಣವೆ ಕರಗಿದ ರೈತನು ಸಾಲಮಾಡಿ ಹುಲ್ಲು ಕೊಳ್ಳಬೇಕು, ಇಲ್ಲವೆ ಕರೆಯುವ ಹಸುವನ್ನೇ ಸಂತೆಗೆ ಹೊಡೆಯಬೇಕು.

ಹುಲ್ಲಿನ ಬೇರು ಮೇಲಣ ಮಣ್ಣಿನ ತೇವವನ್ನು ಮಾತ್ರ ಹೀರುವುದು. ಅದು ಆರಿದೊಡನೆ ಹುಲ್ಲೂ ಒಣಗುವುದು. ಮರದ ಬೇರು ಆಳಕ್ಕಿಳಿಯುವುದರಿಂದ ಬಿಸಿಲುಗಾಲದಲ್ಲಿಯೂ ಸೊಪ್ಪು, ಕಾಯಿ ದೊರೆಯುವುವು. ಈ ಮರ್ಮವನ್ನು ಹಿಂದಿನವರು ಬಲ್ಲವರಾಗಿದ್ದರು. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳನ್ನು ಮಳೆಗಾಲ, ಚಳಿಗಾಲ, ಬೇಸಿಗೆಗಳಿಗೆಂದು ವಿಂಗಡಿಸಿ, ನೀರೂ ನೆರಳೂ ಉಳ್ಳ ಕೆರೆಯಂಗಳಗಳನ್ನು ಬೇಸಿಗೆಗೆ ಮೀಸಲಿಟ್ಟಿದ್ದರು. ನೆರೆಯ ತಮಿಳುನಾಡಿನ ಕಾಂಗೇಯಂ ಸೀಮೆಯ ಒಕ್ಕಲಿಗರು ಸ್ವಂತ ಜಮೀನಿನಲ್ಲಿಯೇ ಮುಳ್ಳುಬೇಲಿ ಕಟ್ಟಿ, ಹುಲ್ಲಿನ ನಡುವೆ ಬಿಳಿಜಾಲಿ ಮರಗಳನ್ನು ಉಳಿಸಿಕೊಂಡು ಬಂದಿರುವರು. ಇದಕ್ಕೆ ಕೊರಂಗಾಡು ಎಂದು ಹೆಸರು.

ಬಿಳಿಜಾಲಿಯ ನೆರಳು ವಿರಳವಾದುದು. ಅದರ ಕೆಳಗೆ ಹುಲ್ಲು ಬೆಳೆಯುವುದು, ಕಾಯಿಗಳು ಬೇಸಿಗೆಯಲ್ಲಿ ಕುರಿಗಳಿಗೆ ಒಳ್ಳೆಯ ಆಹಾರವಾಗುವುವು. ಕಮರದ ಸೊಪ್ಪೂ ಮೇವಿಗೆ ಬರುವುದು, ಆದರೆ ಸಸಿ ಬೆಳೆಯುವುದು ಬಲು ನಿಧಾನ. ಮರದಿಂದ ಮರಕ್ಕೆ 30 ಅಡಿ ಅಂತರವಿದ್ದರೆ ಎಕರೆಗೆ ಸುಮಾರು 48 ಮರಗಳಾಗುವುವು. ಬದುವಿನಲ್ಲಿ ಗ್ಲಿರಿಸಿಡಿಯಾ, ಸುಬಾಬುಲ್ ಗಿಡಗಳನ್ನು ಸಾಲಾಗಿ ಹಾಕಿ, ಸೊಂಟದೆತ್ತರದಲ್ಲಿ ಕತ್ತರಿಸುತ್ತಾ ಪೊದೆಯಾಗಿಸಬೇಕು. ಗ್ಲಿರಿಸಿಡಿಯಾದ ವಾಸನೆಗೆ ದನಗಳು ಮೊದಲು ಮೂತಿ ತಿರುಗಿಸುವುವು. ಬಾಡಿಸಿ ಕೊಟ್ಟರೆ ತಿನ್ನುವುವು. ಸುಬಾಬುಲ್ ಸೊಪ್ಪು ಮೇವಿನ ಮೂರರಲ್ಲೊಂದು ಪಾಲನ್ನು ಮೀರಕೂಡದು. ಮೀರಿದರೆ ರೋಮ ಉದುರುವುದುಂಟು. ನಡುವಣ ಬಯಲಿಗೆ ಅಂಜನ್ ಹುಲ್ಲೂ ಸ್ಟೈಲೊ ಬೀಜವೂ ತಕ್ಕವು. ಹೊಂಗೆಯು ನೆರಳಿಗೂ ಗೊಬ್ಬರಕ್ಕೂ ಉತ್ತಮವೇ ಹೊರತು ಮೇವಿಗಲ್ಲ. ನೀಲಗಿರಿಯ ವಿಚಾರವನ್ನಂತೂ ಈ ಸೀಮೆಗೆ ಹೇಳಬೇಕಾದುದಿಲ್ಲ: ಅದರ ಎಲೆಯನ್ನು ದನ ಮುಟ್ಟದು, ಅಡಿಯಲ್ಲಿ ಹುಲ್ಲೂ ಸೊಂಪಾಗಿ ಏಳದು. ಹೊಸದಾಗಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿತು.

ಕೆಲಸ ಕೆಡುವುದು ಸಾಮಾನ್ಯವಾಗಿ ನೆಡುವುದರಲ್ಲಲ್ಲ, ಕಾಯುವುದರಲ್ಲಿ. ಸಸಿಯ ತಲೆ ದನದ ಬಾಯಿಗೆ ನಿಲುಕದಷ್ಟು ಏರುವವರೆಗೆ ಒಳಗೆ ಜಾನುವಾರು ಬಿಡಬಾರದು, ಮೇಕೆಯನ್ನಂತೂ ಬಿಡಲೇಬಾರದು. ಮರದ ಸೊಪ್ಪನ್ನು ಒಂದೇ ವರ್ಷ ಬೋಳಾಗಿ ಸವರದೆ, ತುದಿಯ ಕೊಂಬೆಗಳನ್ನು ಉಳಿಸಬೇಕು.

ಗೋಮಾಳದಲ್ಲಿ ಇದು ಒಬ್ಬನಿಂದಾಗುವುದಲ್ಲ. ಕರ್ನಾಟಕದ 1966ರ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಗೋಮಾಳವನ್ನು ಹೇಳಿದವು. ಉಳಿದಿರುವಷ್ಟನ್ನಾದರೂ ಗ್ರಾಮದ ಮುಖಂಡರು ನಾಲ್ಕು ಭಾಗ ಮಾಡಿ, ಮೊದಲ ಮಳೆಗೆ ಮುಂಚೆ ಒಂದು ಭಾಗಕ್ಕೆ ಅಗಳು ತೆಗೆಸಿ ಮುಚ್ಚುವುದು ಉಚಿತ. ಬಿಳಿಜಾಲಿಯ ಬೀಜಕ್ಕೆ ಹಣ ವೆಚ್ಚಮಾಡಬೇಕಾದುದಿಲ್ಲ; ಕಾಯಿ ಮೇದ ಕುರಿಗಳ ಹಟ್ಟಿಯನ್ನು ಗುಡಿಸಿದರೆ ಸಿಕ್ಕುವುದು, ಅದು ಬೇಗನೆ ಮೊಳೆಯಲೂ ಮೊಳೆಯುವುದು.