ನಕಾಶೆಗಳಲ್ಲಿ ಬೆಳೆದ ಮಂಡ್ಯ

ಮಂಡ್ಯ ನಗರದ ಇಂದಿನ ರೂಪ ಬಹುಪಾಲು ಇಪ್ಪತ್ತನೆಯ ಶತಮಾನದ್ದಾದ ಕಾರಣ, ಅದರ ಬೆಳವಣಿಗೆಯ ಹೆಜ್ಜೆಗಳನ್ನು ಶಾಸನಗಳಲ್ಲಿ ಹುಡುಕುವುದಕ್ಕಿಂತ ನಕಾಶೆಗಳಲ್ಲಿ ಹುಡುಕುವುದು ಹೆಚ್ಚು ಫಲಪ್ರದ. 1939ರ ಜುಲೈ 1ರಂದು ಮೈಸೂರು ಜಿಲ್ಲೆಯನ್ನು ವಿಭಜಿಸಿ ಹೊಸ ಜಿಲ್ಲೆಯನ್ನು ರಚಿಸಿದಾಗ ಅದರ ಕೇಂದ್ರವಾದ ಈ ಊರು, ಅದಕ್ಕೂ ಹಿಂದಿನ ಶತಮಾನದ ಆರಂಭದಲ್ಲಿ ಕೋಟೆಯಿದ್ದ ಮದ್ದೂರಿಗೂ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣಕ್ಕೂ ನಡುವಿನ ದಾರಿಯಲ್ಲಿ ಸಿಗುವ ಊರಷ್ಟೇ ಆಗಿತ್ತು.

ಈ ಸೀಮೆಯನ್ನು ಕ್ರಮಬದ್ಧವಾಗಿ ಅಳೆಯುವ ಕೆಲಸ ಟಿಪ್ಪು ಸುಲ್ತಾನನ ಪತನದ ನಂತರ ಕರ್ನಲ್ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ಸೈನ್ಯದ ನಕಾಶೆಗಳಿಗೆ ಬೇಕಾಗಿದ್ದದ್ದು ದಂಡು ಸಾಗುವ ದಾರಿ, ನೀರು ಸಿಗುವ ಠಾವು ಮತ್ತು 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ನಡೆದಂಥ ಕಾಳಗಗಳ ನೆಲ. ಮೆಕೆಂಜಿಯಾದರೋ ಕಾವಲಿ ಸಹೋದರರಂಥ ದೇಶೀಯ ಸಹಾಯಕರ ನೆರವಿನಿಂದ ಊರು, ಕೆರೆ, ಗಡಿಗಳ ವಿವರಗಳ ಜೊತೆಗೆ ಸ್ಥಳೀಯರ ಹೇಳಿಕೆಗಳನ್ನೂ ದಾಖಲಿಸಿಕೊಂಡನು.

ಆದರೆ ಪಟ್ಟಣದ ಬೆಳವಣಿಗೆಯನ್ನು ಗೇಣು ಗೇಣಾಗಿ ತೋರಿಸುವುದು ಮೈಸೂರು ಸಂಸ್ಥಾನದಲ್ಲಿ 1863ರಿಂದ ನಡೆದ ಕಂದಾಯ ಸರ್ವೆಯ ದಾಖಲೆಗಳು. ಪ್ರತಿ ಗ್ರಾಮದ ಜಮೀನನ್ನೂ ಸರ್ವೆ ನಂಬರುಗಳಾಗಿ ವಿಂಗಡಿಸಿ, ಬಾಂದುಕಲ್ಲುಗಳನ್ನು ನೆಟ್ಟು, 33 ಅಡಿಯ ಸರಪಳಿಯಿಂದ ಅಳೆಯಲಾಯಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗಿಸಿದ್ದರಿಂದ, ಅಳತೆಯ ಮೂಲ ಚಿತ್ರವಾದ ಟಿಪ್ಪಣಿಯಲ್ಲಿ ಹೊಲದ ಪ್ರತಿ ಅಂಚಿನ ಪಕ್ಕದಲ್ಲೂ ಇಷ್ಟು ಸರಪಳಿ, ಇಷ್ಟು ಆಣೆ ಎಂಬ ಅಂಕಿಗಳು ಕಾಣುತ್ತವೆ. ಇಂಥ ಹೊಲಗಳನ್ನೆಲ್ಲ ಒಂದೇ ಹಾಳೆಯಲ್ಲಿ ಜೋಡಿಸಿದ್ದು ಗ್ರಾಮ ನಕಾಶೆ. ಅದರಲ್ಲಿ ಮನೆಗಳಿರುವ ಗ್ರಾಮಠಾಣಾ, ಕೆರೆ, ಹಳ್ಳ, ಬಂಡಿದಾರಿ, ಸಾಗುವಳಿಗೆ ಬಾರದ ಖರಾಬು ಎಲ್ಲವೂ ಬೇರೆ ಬೇರೆಯಾಗಿ ಗುರುತಾಗಿರುತ್ತವೆ.

ಭಾರತ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳು, ಅಂದರೆ ನೆಲದ ಏರುತಗ್ಗುಗಳನ್ನೂ ತೋರಿಸುವ ನಕ್ಷೆಗಳು, ಇಡೀ ಸೀಮೆಯನ್ನು ಒಟ್ಟಾಗಿ ನೋಡಲು ನೆರವಾಗುತ್ತವೆ. ಮೊದಲು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿದ್ದು, ಮೆಟ್ರಿಕ್ ಪದ್ಧತಿ ಬಂದ ಮೇಲೆ 1:50,000ಕ್ಕೆ ಬದಲಾದ ಈ ಹಾಳೆಗಳಲ್ಲಿ ಮಂಡ್ಯ 57 ಡಿ/14ರಲ್ಲಿಯೂ ಮದ್ದೂರು 57 ಎಚ್/2ರಲ್ಲಿಯೂ ಮಳವಳ್ಳಿ 57 ಎಚ್/3ರಲ್ಲಿಯೂ ಬರುತ್ತವೆ. ಮಂಡ್ಯ, ಮದ್ದೂರುಗಳ ನಡುವೆ 77 ಡಿಗ್ರಿ ರೇಖಾಂಶ ಹಾದುಹೋಗುವುದೇ ಇವೆರಡು ಬೇರೆ ಬೇರೆ ಹಾಳೆಗಳಲ್ಲಿರಲು ಕಾರಣ. ಮಂಡ್ಯದ ತುಸು ದಕ್ಷಿಣಕ್ಕೆ ಹನ್ನೆರಡೂವರೆ ಡಿಗ್ರಿ ಅಕ್ಷಾಂಶವಿರುವುದರಿಂದ ಆ ದಿಕ್ಕಿನ ಹೊರವಲಯವನ್ನು ನೋಡಲು ಇನ್ನೊಂದು ಹಾಳೆಯನ್ನು ಜೋಡಿಸಿಕೊಳ್ಳಬೇಕಾಗುತ್ತದೆ.

ಬೇರೆ ಬೇರೆ ಕಾಲದ ಹಾಳೆಗಳನ್ನು ಹೋಲಿಸಿದಾಗ ಎದ್ದು ಕಾಣುವ ಬದಲಾವಣೆ ನೀರಿನದು. 1882ರಲ್ಲಿ ಮೈಸೂರು ತಲುಪಿದ ರೈಲುಮಾರ್ಗ ಮಂಡ್ಯಕ್ಕೆ ನಿಲ್ದಾಣವನ್ನು ಕೊಟ್ಟಿತ್ತಾದರೂ ಊರನ್ನು ಪಟ್ಟಣವಾಗಿಸಿದ್ದು ಕೃಷ್ಣರಾಜಸಾಗರದಿಂದ ಹುಲಿಕೆರೆ ಸುರಂಗದ ಮೂಲಕ 1930ರ ದಶಕದಲ್ಲಿ ಹರಿದುಬಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ. ಕೆರೆ, ಮಳೆಗಳನ್ನೇ ನಂಬಿದ್ದ ಬಯಲು ಅಚ್ಚುಕಟ್ಟಾಯಿತು, ಕಬ್ಬು ಬಂದಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, ಅದರ ಸುತ್ತ ಷುಗರ್ ಟೌನ್ ಬೆಳೆಯಿತು. ಗುತ್ತಲು, ಕಲ್ಲಹಳ್ಳಿ, ಸ್ವರ್ಣಸಂದ್ರ, ಹೊಸಹಳ್ಳಿಗಳಂಥ ಸುತ್ತಲಿನ ಹಳ್ಳಿಗಳು ನಗರದ ಬಡಾವಣೆಗಳಾದವು. ಜನರು ಇಂದಿಗೂ ಕೆರೆಯಂಗಳವೆಂದು ಕರೆಯುವ ವಿವೇಕಾನಂದ ನಗರದಲ್ಲಿ ನೀರು ನಿಲ್ಲುತ್ತಿದ್ದ ನೆಲವೇ ನಿವೇಶನಗಳಾಗಿದೆ. ಇಂಥ ಕಡೆ ಹಳೆಯ ಗ್ರಾಮ ನಕಾಶೆಯ ಕೆರೆಯ ಗೆರೆ ಬರಿಯ ಕುತೂಹಲದ ವಸ್ತುವಲ್ಲ, ಮಳೆನೀರು ಯಾವ ಕಡೆಗೆ ಹರಿಯಬೇಕೆಂಬುದಕ್ಕೆ ಅದೇ ನಂಬಬಹುದಾದ ಸಾಕ್ಷಿ.

ಮಳವಳ್ಳಿ ತಾಲ್ಲೂಕಿನ ದಕ್ಷಿಣದ ಗಡಿಯದು ಬೇರೆ ಕಥೆ. ಶಿವನಸಮುದ್ರದ ಬಳಿ ಕಾವೇರಿಯ ಆಚೆಗಿನ ಕೊಳ್ಳೇಗಾಲ 1956ರವರೆಗೆ ಮದರಾಸಿಗೆ ಸೇರಿದ್ದರಿಂದ, ಅಲ್ಲಿಯವರೆಗಿನ ನಕ್ಷೆಗಳಲ್ಲಿ ಆ ಗಡಿ ತಾಲ್ಲೂಕಿನ ಅಂಚಷ್ಟೇ ಅಲ್ಲದೆ ಮೈಸೂರಿನ ಅಂಚೂ ಆಗಿತ್ತು.

ಈಗ ಮಂಡ್ಯಕ್ಕೆ ಒಂದೇ ಎಲ್ಲೆಯಿಲ್ಲ: ನಗರಸಭೆಯ ವ್ಯಾಪ್ತಿ ಒಂದು, ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶ ಮತ್ತೊಂದು, ಇವೆರಡರ ಅಡಿಯಲ್ಲಿಯೂ ಹಳೆಯ ಕಂದಾಯ ಗ್ರಾಮಗಳ ಗಡಿಗಳು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಮಂಡ್ಯ, ಮದ್ದೂರುಗಳನ್ನು ಬಳಸಿಕೊಂಡು ಸಾಗುವುದರಿಂದ ಬೈಪಾಸಿಗೂ ಊರಿಗೂ ನಡುವಿನ ಗದ್ದೆಗಳ ಮೇಲೆ ಬಡಾವಣೆಯ ಒತ್ತಡ ಹೆಚ್ಚುವುದು ಸಹಜ. ಅಲ್ಲಿ ಭೂಪರಿವರ್ತನೆಗೋ ಪೋಡಿಗೋ, ಅಂದರೆ ಸರ್ವೆ ನಂಬರನ್ನು ಪಾಲು ಮಾಡುವ ಅಳತೆಗೋ, ಅರ್ಜಿ ಬಂದಾಗ ಭೂಮಾಪಕರು ಇಂದಿಗೂ ಮೂಲ ಟಿಪ್ಪಣಿಯನ್ನೇ ಆಧಾರವಾಗಿ ಹಿಡಿಯುತ್ತಾರೆ. ಆದ್ದರಿಂದ ತಾಲ್ಲೂಕು ಸರ್ವೆ ಕಚೇರಿಗಳಲ್ಲಿ ಮಡಿಕೆಗಳಲ್ಲೇ ಹರಿಯುತ್ತಿರುವ ಹಾಳೆಗಳನ್ನು ಕೆರೆ, ರಾಜಕಾಲುವೆ, ಬಂಡಿದಾರಿಗಳ ಗುರುತು ಅಳಿಯುವ ಮುನ್ನವೇ ಪೂರ್ಣ ಅಳತೆಯಲ್ಲಿ ಡಿಜಿಟಲ್ ಪ್ರತಿ ಮಾಡಿ, ಹೊಸ ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವವರ ಮೇಜಿನ ಮೇಲಿಡಬೇಕಾಗಿದೆ.